ಹೊಂಡದ ಮೂಲೆಗೊಂದು ಏಣಿ

ಮೊದಲೇ ಹೇಳಿಬಿಡುತ್ತೇನೆ, ಕೃಷಿ ಹೊಂಡಕ್ಕೆ ಬಿದ್ದ ಹಕ್ಕಿ, ಅಳಿಲು, ಕಪ್ಪೆ ತಾವೇ ಹತ್ತಿ ಬರಲು ಏಣಿ ಹಾಕಿದ್ದು ಒಂದೇ ಏಟಿಗೆ ಆದ ಕೆಲಸವಲ್ಲ. ಮೂರು ಸಲ ಕೆಡಿಸಿದ್ದೇನೆ. ಒಂದು ಸಲ ಉಳಿಸಲು ಹೊರಟ ಹಕ್ಕಿಯನ್ನೇ ಕೊಂದೆ, ಇನ್ನೊಂದು ಸಲ ಹೊಂಡಕ್ಕೇ ತೂತು ಮಾಡಿದೆ. ಕೋಲಾರ, ಚಿಕ್ಕಬಳ್ಳಾಪುರದ ಕಡೆ ಪ್ಲಾಸ್ಟಿಕ್ ಹಾಸಿದ ಕೃಷಿ ಹೊಂಡ ಇರುವವರು ನನ್ನ ತಪ್ಪುಗಳ ಭಾಗವನ್ನಾದರೂ ಓದಿಕೊಂಡರೆ ಸಾಕು.

ನಮ್ಮದು ಶ್ರೀನಿವಾಸಪುರ ತಾಲ್ಲೂಕು. ಮಾವು, ಪಕ್ಕದಲ್ಲಿ ಒಂದೂವರೆ ಎಕರೆ ಟೊಮೆಟೊ. ನಾನು ಕೋಲಾರದಲ್ಲಿ ಮೋಟಾರ್ ರಿವೈಂಡಿಂಗ್ ಅಂಗಡಿ ಇಟ್ಟವನು, ಭಾನುವಾರ ಮಾತ್ರ ತೋಟಕ್ಕೆ ಹೋಗುತ್ತೇನೆ. 2014ರ ನಂತರ ಸರ್ಕಾರದ ಕೃಷಿ ಭಾಗ್ಯ ಯೋಜನೆಯಲ್ಲಿ ಊರೂರಿಗೆ ಹೊಂಡ ಬಂದವಲ್ಲ, ನಮ್ಮದನ್ನು 2017ರಲ್ಲಿ ತೋಡಿದ್ದು. 21 ಮೀಟರ್ ಉದ್ದ, 21 ಅಗಲ, 3 ಮೀಟರ್ ಆಳ. ನಾಲ್ಕೂ ಕಡೆ ಇಳಿಜಾರು ಒಂದಕ್ಕೊಂದು, ಅಂದರೆ 45 ಡಿಗ್ರಿ. ಮೇಲೆ 500 ಮೈಕ್ರಾನ್ ಕಪ್ಪು ಹಾಳೆ. ತುಂಬಿದರೆ ಹತ್ತಿರ ಹತ್ತಿರ 9.8 ಲಕ್ಷ ಲೀಟರ್.

ಫೆಬ್ರವರಿ 23, 2025: ಫುಟ್‌ವಾಲ್ವ್

ಟೊಮೆಟೊಗೆ ನೀರು ಬಿಡೋಣವೆಂದು ಮೋಟಾರು ಹಾಕಿದರೆ ಸದ್ದು ಬಂತು, ನೀರು ಬರಲಿಲ್ಲ. ಏರ್ ಹಿಡಿದಿದೆ ಅಂದುಕೊಂಡೆ. ಎರಡು ಸಲ ಪೈಪಿಗೆ ನೀರು ತುಂಬಿ ಪ್ರೈಮ್ ಮಾಡಿದರೂ ಅದೇ ಕಥೆ. ಸಕ್ಷನ್ ಪೈಪನ್ನು ದಡಕ್ಕೆ ಎಳೆದು ನೋಡಿದರೆ ಅದರ ಕೆಳತುದಿಯ ಫುಟ್‌ವಾಲ್ವಿನ ಜರಡಿಗೆ ಪುಕ್ಕ ಮೆತ್ತಿಕೊಂಡಿತ್ತು, ಜೊತೆಗೆ ಒಂದು ಕಾಲು. ಕಂದು ಮೈಮೇಲೆ ಬಿಳಿ ಚುಕ್ಕೆ. ಬುಡಬುಡಿಕೆಯವರು ‘ಹಾಲಕ್ಕಿ ನುಡೀತೈತೆ’ ಅಂತಾರಲ್ಲ, ಅದೇ ಹಾಲಕ್ಕಿ, ಸಣ್ಣ ಗೂಬೆ. ಮೋಟಾರು ಮನೆಯ ಪಕ್ಕದ ಹುಣಸೆ ಪೊಟರೆಯಲ್ಲಿ ಒಂದು ಜೋಡಿ ಇತ್ತು, ಅದರಲ್ಲಿ ಒಂದು.

ಅಪ್ಪನಿಗೆ ತೋರಿಸಿದೆ. ‘ಬೇಸಿಗೇಲಿ ಬೀಳ್ತಾನೇ ಇರ್ತವೆ. ಎತ್ತಿ ಮಾವಿನ ಬುಡಕ್ಕೆ ಹಾಕ್ತೀನಿ’ ಅಂದರು, ಎಲೆ ಗುಡಿಸಿ ಹಾಕಿದಷ್ಟು ಸಲೀಸಾಗಿ. ಎಂಟು ವರ್ಷದಲ್ಲಿ ಎಷ್ಟು ಬಿದ್ದವು, ಯಾವು ಯಾವು ಅಂದರೆ ಲೆಕ್ಕವಿಲ್ಲ. ನಾನಂತೂ ಅದೇ ಎಂಟು ವರ್ಷ ಭಾನುವಾರ ಬೆಳಿಗ್ಗೆ ಬೈನಾಕ್ಯುಲರ್ ಹಿಡಿದು ಹೊಂಡದ ದಂಡೆಯಲ್ಲೇ ಕೂತು ಮಿಂಚುಳ್ಳಿ, ಕಳ್ಳಿಪೀರ, ಕವಲುತೋಕೆ ಅಂತ ಪಟ್ಟಿ ಬರೆಯುತ್ತಿದ್ದೆ. ಅವತ್ತಿನಿಂದ ಅದೇ ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ಸತ್ತವುಗಳ ಪಟ್ಟಿ ಶುರು ಮಾಡಿದೆ: ತಾರೀಕು, ಏನು, ಹೊಂಡದ ಯಾವ ಬದಿ. ಈ ಕೊನೆಯ ಅಂಕಣವೇ ಮುಂದೆ ಕೆಲಸಕ್ಕೆ ಬಂತು.

ಬೀಳುವುದು ಯಾಕೆಂದು ನೋಡಲು ಹೆಚ್ಚು ಬುದ್ಧಿ ಬೇಕಿಲ್ಲ. ಫೆಬ್ರವರಿಗೆ ನಮ್ಮೂರ ಕೆರೆ ಒಣಗಿರುತ್ತದೆ. 2018ರಲ್ಲಿ ಕೆ.ಸಿ. ವ್ಯಾಲಿ ನೀರು, ಅಂದರೆ ಬೆಂಗಳೂರಿನ ಶುದ್ಧೀಕರಿಸಿದ ಕೊಳಚೆ ನೀರು, ಲಕ್ಷ್ಮೀಸಾಗರದ ಕೆರೆಗೆ ಬಂದ ಮೇಲೆ ಆ ಸಾಲಿನ ಕೆರೆಗಳಲ್ಲಿ ಬೇಸಿಗೆಯಲ್ಲೂ ನೀರಿದೆ, ನಮ್ಮದು ಆ ಸಾಲಿನಲ್ಲಿಲ್ಲ. ಸುತ್ತ ಒಂದು ಮೈಲಿಗೆ ನೀರೆಂದರೆ ಹೊಂಡಗಳೇ. ಹಾರುತ್ತಲೇ ನೀರು ಮುಟ್ಟುವ ಕವಲುತೋಕೆಗೆ ತೊಂದರೆಯಿಲ್ಲ. ನಡೆದು ಬಂದು ಕುಡಿಯುವ ಗೊರವಂಕ, ಗೌಜಲಕ್ಕಿ, ಕೆಂಬೂತ, ಅಳಿಲು, ಮುಂಗುಸಿ ಒದ್ದೆ ಹಾಳೆಯ ಮೇಲೆ ಕಾಲಿಟ್ಟರೆ ಉಗುರಿಗೆ ಏನೂ ಸಿಕ್ಕುವುದಿಲ್ಲ, ಜಾರುತ್ತವೆ. ಗೂಬೆಯ ಪುಕ್ಕ ಮೆತ್ತಗೆ, ನೀರನ್ನು ಹೀರಿಕೊಳ್ಳುತ್ತದೆ. ಕುಡಿಯಲೋ ಮೀಯಲೋ ಇಳಿದದ್ದು ಒಮ್ಮೆ ಪೂರ್ತಿ ನೆಂದರೆ ಮೇಲೆ ಏಳಲಾರದು.

ಮಾರ್ಚ್ 2: ಒಂದು ಬದುಕಿತ್ತು

ಬೆಳಿಗ್ಗೆ 6.40. ಸಕ್ಷನ್ ಪೈಪಿಗೆ ತಬ್ಬಿಕೊಂಡು ಒಂದು ಕೆಂಬೂತ. ನಮ್ಮ ಅಜ್ಜಿ ಇದನ್ನು ತೆಲುಗಿನಲ್ಲಿ ಜೆಮುಡು ಕಾಕಿ ಅನ್ನುತ್ತಿದ್ದಳು, ಬಲಕ್ಕೆ ಬಂದರೆ ಶಕುನವಂತೆ. ಇದು ಎಡಕ್ಕೂ ಬಲಕ್ಕೂ ಬರುವ ಸ್ಥಿತಿಯಲ್ಲಿರಲಿಲ್ಲ. ಟೊಮೆಟೊ ಕ್ರೇಟಿಗೆ ಎರಡು ಹಗ್ಗ ಕಟ್ಟಿ, ಒಂದು ತುದಿ ಅಪ್ಪ, ಇನ್ನೊಂದು ತುದಿ ನಾನು ಹಿಡಿದು, ಹಕ್ಕಿಯ ಕೆಳಗೆ ತೂರಿಸಿ ಎತ್ತಿದೆವು. ಮೂರನೇ ಪ್ರಯತ್ನಕ್ಕೆ ಬಂತು.

ಇಂಥದ್ದು ಸಿಕ್ಕಿದರೆ ಮಾಡಬೇಕಾದ್ದು ಇಷ್ಟೇ. ತೂತು ಮಾಡಿದ ರಟ್ಟಿನ ಡಬ್ಬ, ಒಳಗೆ ಒಣ ಬಟ್ಟೆ, ಮುಚ್ಚಿ ನೆರಳಲ್ಲಿಡುವುದು. ಹಾಲು ಬೇಡ, ಬಾಯಿಗೆ ನೀರು ಬಿಡುವುದು ಬೇಡ, ಐದೈದು ನಿಮಿಷಕ್ಕೆ ತೆಗೆದು ನೋಡುವುದೂ ಬೇಡ. ಪುಕ್ಕ ಒಣಗಿ ಡಬ್ಬದೊಳಗೆ ಗಲಾಟೆ ಶುರುವಾದಾಗ ತೆರೆದರೆ ತಾನೇ ಹೋಗುತ್ತದೆ. ನಮ್ಮ ಕೆಂಬೂತ 11 ಗಂಟೆಗೆ ಬೇಲಿಯ ಲಾಂಟಾನಕ್ಕೆ ನುಗ್ಗಿತು. ಎತ್ತುವಾಗ ನನ್ನ ಹೆಬ್ಬೆರಳನ್ನು ಸರಿಯಾಗಿಯೇ ಕುಕ್ಕಿತ್ತು.

ಮಾರ್ಚ್ 9: ಮೊದಲ ಪ್ರಯತ್ನ, ತೆಪ್ಪ

20 ಲೀಟರಿನ ನಾಲ್ಕು ಖಾಲಿ ಕ್ಯಾನು, ಮೇಲೆ ಹಳೆ ಪ್ಯಾಕಿಂಗ್ ಹಲಗೆ, ನೈಲಾನ್ ಹಗ್ಗ. ನಾಲ್ಕಡಿಗೆ ಮೂರಡಿಯ ತೆಪ್ಪವಾಯಿತು. ಹೊಂಡದ ನಡುಮಧ್ಯೆ ನಿಲ್ಲುವ ಹಾಗೆ ಎರಡು ದಡಕ್ಕೆ ಹಗ್ಗ ಕಟ್ಟಿದೆ. ಖರ್ಚು 180 ರೂಪಾಯಿ, ಮೂರು ಗಂಟೆ ಕೆಲಸ.

ನೋಡಲು ಏನು ಚೆನ್ನಾಗಿತ್ತು ಗೊತ್ತಾ! ಮಧ್ಯಾಹ್ನದೊಳಗೆ ಕೊಳದ ಬಕ ಬಂದು ಕೂತಿತು, ಅದರ ಪಕ್ಕ ಬಿಳಿ ಹುಬ್ಬಿನ ಸಿಪಿಲೆ ಬಾಲ ಕುಣಿಸುತ್ತಾ ಓಡಾಡಿತು. ಫೋಟೊ ತೆಗೆದು ಕಂಡಕಂಡವರಿಗೆಲ್ಲ ಕಳಿಸಿದೆ. ಎಲ್ಲರೂ ಕೈ ಮುಗಿದ ಚಿತ್ರ ಹಾಕಿದರು.

ಮಾರ್ಚ್ 16ಕ್ಕೆ ಹೋದರೆ ವಾಯವ್ಯ ಮೂಲೆಯಲ್ಲಿ ಅಳಿಲು ಸತ್ತು ತೇಲುತ್ತಿದೆ. ತೆಪ್ಪ ಅದಕ್ಕೆ ಸುಮಾರು ಹನ್ನೆರಡು ಮೀಟರ್ ದೂರದಲ್ಲಿ ಒಣಗಿಕೊಂಡು ನಿಂತಿದೆ, ಮೇಲೆ ಬಕ.

ಅವತ್ತು ರಾತ್ರಿ ಕೋಲಾರಕ್ಕೆ ವಾಪಸ್ ಹೋಗಲಿಲ್ಲ. ಟಾರ್ಚು ಹಿಡಿದು ದಂಡೆಯ ಮೇಲೆ ಕೂತೆ. ಎಂಟೂವರೆಗೆ ಒಂದು ನೆಲಗಪ್ಪೆ ಜಾರಿ ಬಿತ್ತು. ಅದನ್ನೇ ನೋಡುತ್ತಾ ಕೂತೆ, 50 ನಿಮಿಷ. ಒಮ್ಮೆಯೂ ನಡುವಿಗೆ ಹೋಗಲಿಲ್ಲ. ಅಂಚನ್ನು ಮುಟ್ಟಿಕೊಂಡೇ ಈಜಿತು, ಹಾಳೆಗೆ ಕೈ ಹಾಕಿ ಹತ್ತಲು ನೋಡಿತು, ಜಾರಿತು, ಮತ್ತೆ ಒಂದು ಮೊಳ ಮುಂದಕ್ಕೆ ಹೋಯಿತು. ಮೂಲೆ ಬಂದಾಗ ನಿಂತು ಸುಧಾರಿಸಿಕೊಂಡಿತು. ಅವತ್ತು ನೀರು ಮೇಲಂಚಿಗಿಂತ 1.4 ಮೀಟರ್ ಕೆಳಗಿತ್ತು, ಸುತ್ತಳತೆ ಸುಮಾರು 73 ಮೀಟರ್. ಕಪ್ಪೆ ಒಂದು ಸುತ್ತು ಪೂರ್ತಿ ಹಾಕಿತು. ಕೊನೆಗೆ ನಾನೇ ಕ್ರೇಟು ಇಳಿಸಿ ತೆಗೆದೆ.

ನೋಟ್‌ಬುಕ್ಕಿನ ‘ಯಾವ ಬದಿ’ ಅಂಕಣ ತೆರೆದು ನೋಡಿದೆ. ಅಲ್ಲಿಯವರೆಗೆ ಬರೆದ ಐದರಲ್ಲಿ ನಾಲ್ಕು ಮೂಲೆಯಲ್ಲಿ ಅಥವಾ ಮೂಲೆಯಿಂದ ಒಂದು ಮಾರು ಒಳಗೆ ಸಿಕ್ಕಿದ್ದವು. ಮುಳುಗುವ ಜೀವಕ್ಕೆ ದಡ ಬೇಕು, ದಡವನ್ನು ಬಿಟ್ಟು ನೀರಿನ ನಡುವೆ ಇರುವ ಹಲಗೆಯ ಕಡೆಗೆ ಅದು ಯಾಕೆ ಈಜುತ್ತದೆ? ನಾನು ತೆಪ್ಪವನ್ನು ನಡುವೆ ನಿಲ್ಲಿಸಿದ್ದು ಫೋಟೊಗೆ ಚೆನ್ನಾಗಿ ಕಾಣುತ್ತದೆಂದು. ಬೇರೆ ಕಾರಣ ಈಗ ಹುಡುಕಿದರೂ ಸಿಗುವುದಿಲ್ಲ.

ಮಾರ್ಚ್ 23: ಎರಡನೇ ಪ್ರಯತ್ನ, ಬಲೆ

ಇದನ್ನು ಬರೆಯಲು ಮನಸ್ಸಿಲ್ಲ, ಆದರೂ ಬರೆಯುತ್ತೇನೆ.

ಮೂಲೆಗೆ ಹಿಡಿತ ಕೊಡುವಂಥದ್ದು ಏನಾದರೂ ಹಾಸಬೇಕು ಅಂತ ಗೊತ್ತಾಯಿತು. ಪಕ್ಕದ ದ್ರಾಕ್ಷಿ ತೋಟದವರು ಹಕ್ಕಿ ಬಾರದಂತೆ ಚಪ್ಪರಕ್ಕೆ ಹಾಕುವ ನೈಲಾನ್ ಬಲೆಯನ್ನು ಹರಿದು ಹೋಗಿದೆಯೆಂದು ಬೇಲಿಗೆ ಎಸೆದಿದ್ದರು. ಪುಕ್ಕಟೆ. ಎರಡು ಮಡಿಕೆ ಮಾಡಿ ವಾಯವ್ಯ ಮೂಲೆಗೆ ಹಾಸಿ, ಮೇಲ್ತುದಿಗೆ ಗೂಟ, ಕೆಳತುದಿಗೆ ಮಣ್ಣು ತುಂಬಿದ ಗೋಣಿಚೀಲ ಕಟ್ಟಿದೆ. ಕೈಯಿಂದ ಎಳೆದು ನೋಡಿದೆ, ಗಟ್ಟಿಯಾಗಿತ್ತು. ಖರ್ಚು ಸೊನ್ನೆ ಅಂತ ನೋಟ್‌ಬುಕ್ಕಿನಲ್ಲಿ ಹೆಮ್ಮೆಯಿಂದ ಬರೆದೆ.

ಮಾರ್ಚ್ 30, ಯುಗಾದಿ. ಎಣ್ಣೆ ಸ್ನಾನಕ್ಕೆ ಮುಂಚೆ ಒಂದು ಸಲ ನೋಡಿ ಬರೋಣವೆಂದು ಹೋದೆ. ಬಲೆಯಲ್ಲಿ ಎರಡು ಜೀವ. ಮೇಲ್ಗಡೆ ನೀರೊಳ್ಳೆ ಹಾವು, ಮೂರು ಕಣ್ಣಿ ದಾಟಿ ನಾಲ್ಕನೆಯದರಲ್ಲಿ ಹೊಟ್ಟೆಯ ಹತ್ತಿರ ಸಿಕ್ಕಿಕೊಂಡಿತ್ತು. ನೀರಂಚಿನಲ್ಲಿ ಸಿಪಿಲೆ, ಎರಡೂ ಕಾಲಿಗೆ ದಾರ. ತೆಪ್ಪದ ಮೇಲೆ ಬಾಲ ಕುಣಿಸುತ್ತಿದ್ದದ್ದೇ ಇರಬೇಕು, ನಮ್ಮ ಹೊಂಡದಲ್ಲಿ ಇದ್ದದ್ದು ಒಂದೇ ಜೋಡಿ. ಅಮ್ಮನ ಉಗುರು ಕತ್ತರಿಸುವ ಕತ್ತರಿ ತಂದು ಒಂದೊಂದೇ ಎಳೆ ಕತ್ತರಿಸಿದೆ. ಹಾವಿಗೆ 40 ನಿಮಿಷ ಬೇಕಾಯಿತು. ವಿಷವಿಲ್ಲದ ಹಾವು, ಆದರೂ ಮೂರು ಸಲ ಕಚ್ಚಿತು. ಅದು ಬದುಕಿ ಹೋಯಿತು. ಸಿಪಿಲೆ ಕೈಯಲ್ಲೇ ಹೋಯಿತು. ಆ ದಿನದ ಒಬ್ಬಟ್ಟು ನನಗೆ ಇಳಿಯಲಿಲ್ಲ.

ಬಲೆಯನ್ನು ಅಲ್ಲೇ ಸುಡಲು ಹೋಗಿ, ನೈಲಾನ್ ಹೊಗೆ ಬೇಡವೆಂದು ನಿಲ್ಲಿಸಿ, ಚೂರುಚೂರು ಕತ್ತರಿಸಿ ಚೀಲಕ್ಕೆ ತುಂಬಿದೆ. ಹರಿದ ಬಲೆಯನ್ನು ಬೇಲಿಯ ಮೇಲೆ ಎಸೆಯುವವರಿಗೂ ಇದೇ ಮಾತು: ಬೇಲಿಯಲ್ಲಿದ್ದರೂ ಅದು ಹಿಡಿಯುತ್ತಲೇ ಇರುತ್ತದೆ. ಹೊಂಡಕ್ಕೆ ಏನೇ ಹಾಸಿ, ಸಡಿಲವಾದ ಕಣ್ಣಿ ಇರುವ ದಾರ ಮಾತ್ರ ಬೇಡ.

ಏಪ್ರಿಲ್ 6: ಮೂರನೇ ಪ್ರಯತ್ನ, ಬಿದಿರು

ಬಿದಿರು ಸೀಳಿ, ಅಡ್ಡಕ್ಕೆ 30 ಪಟ್ಟಿ ಇಟ್ಟು, ಬೈಂಡಿಂಗ್ ವೈರಿನಲ್ಲಿ ಬಿಗಿದು ಐದು ಮೀಟರಿನ ಏಣಿ. 320 ರೂಪಾಯಿ. ಬಿದಿರು ತೇಲುತ್ತದೆ, ಆದ್ದರಿಂದ ಕೆಳತುದಿಗೆ ಒಂದು ಕಲ್ಲು ಕಟ್ಟಿದೆ. ವೈರಿನ ತುದಿಗಳನ್ನು ಮಡಚಿದ್ದೇನೆ ಅಂದುಕೊಂಡಿದ್ದೆ.

ಏಪ್ರಿಲ್ 13ಕ್ಕೆ ಅಪ್ಪ ಫೋನಿನಲ್ಲೇ ಬೈದರು. ಹೊಂಡ ಇಳಿಯುತ್ತಿದೆ. ಅಳತೆಗೆ ಟೊಮೆಟೊ ಕಡ್ಡಿಗೆ ಗೆರೆ ಹಾಕಿ ನಿಲ್ಲಿಸಿದೆ: ಒಂದು ದಿನಕ್ಕೆ 4 ಸೆಂಟಿಮೀಟರ್. ಪಕ್ಕದವರ ಹೊಂಡದಲ್ಲಿ ಅದೇ ದಿನ ಇಳಿದದ್ದು 7 ಮಿಲಿಮೀಟರ್, ಅದು ಬಿಸಿಲಿಗೆ ಆರಿದ್ದು. ಉಳಿದ 3.3 ಸೆಂಟಿಮೀಟರ್ ಅಂದರೆ ದಿನಕ್ಕೆ ಹತ್ತು ಸಾವಿರ ಲೀಟರಿಗೂ ಮೇಲೆ, ಎರಡು ಟ್ಯಾಂಕರ್. ಏಪ್ರಿಲ್ ತಿಂಗಳಲ್ಲಿ, ಕೋಲಾರ ಜಿಲ್ಲೆಯಲ್ಲಿ! ಅಪ್ಪ ಬೈದದ್ದು ಕಡಿಮೆಯೇ.

ತೂತು ಹುಡುಕಿದ್ದು ಕುಂಕುಮದ ನೀರಿನಿಂದ. ಬಾಟಲಿಗೆ ಕದಡಿಕೊಂಡು, ಸೈಕಲ್ ವಾಲ್ವ್ ಟ್ಯೂಬು ಸಿಕ್ಕಿಸಿ, ಏಣಿಯ ಪಕ್ಕ ನೀರೊಳಗೆ ನಿಧಾನಕ್ಕೆ ಬಿಟ್ಟೆ. ಕಲ್ಲು ಕಟ್ಟಿದ ಜಾಗದ ಹತ್ತಿರ ಕೆಂಪು ಗೆರೆ ಬಾಗಿ ಒಳಗೆ ಹೋಯಿತು. ಮಡಚದೆ ಉಳಿದ ಒಂದೇ ಒಂದು ವೈರ್ ತುದಿ, ಅದರ ಮೇಲೆ ಕಲ್ಲಿನ ಭಾರ. ಹೆಬ್ಬೆರಳ ಉಗುರಿನಷ್ಟು ಸೀಳು.

ತೇಪೆ ಹಾಕಲು ಎರಡು ದಿನ ಹಾಳು ಮಾಡಿದೆ. ಮೋಟಾರು ಹಚ್ಚಿ ನೀರನ್ನು ಸೀಳಿಗಿಂತ ಕೆಳಗೆ ಇಳಿಸಿ, ಹೋದ ನೀರನ್ನು ಮಾವಿಗೆ ಬಿಟ್ಟು, ಮೊದಲು ಸೈಕಲ್ ಪಂಕ್ಚರ್ ಸಲ್ಯೂಷನ್. ಒಣಗಿತು, ಬೆರಳಲ್ಲಿ ಎತ್ತಿದರೆ ಇಡೀ ತೇಪೆ ದೋಸೆಯ ಹಾಗೆ ಎದ್ದು ಬಂತು. ಆಮೇಲೆ ಎಂ-ಸೀಲ್, ಅದೂ ಅಷ್ಟೇ. ಎರಡಕ್ಕೂ ಸೇರಿ 145 ರೂಪಾಯಿ. ಈ ಹಾಳೆ ಪಾಲಿಥೀನ್ ಜಾತಿಯದು, ಇದಕ್ಕೆ ಯಾವ ಅಂಟೂ ಹಿಡಿಯುವುದಿಲ್ಲ, ಕಾಯಿಸಿ ಬೆಸೆಯಬೇಕು ಅಂತ ಹಾಳೆ ಹಾಸುವವನು ಬಂದ ಮೇಲೆ ಹೇಳಿದ. ಬಿಸಿಗಾಳಿ ಗನ್ನಿನಿಂದ ಹತ್ತು ನಿಮಿಷದ ಕೆಲಸ, ಬಂದದ್ದಕ್ಕೆ ಕನಿಷ್ಠ ಕೂಲಿ 1,800 ರೂಪಾಯಿ. ನನ್ನ ಅಂಗಡಿಯಲ್ಲೇ ಹಾಟ್ ಏರ್ ಗನ್ ಇದೆ. ಆ ದಿನದವರೆಗೂ ಅದು ನನ್ನ ತಲೆಗೆ ಹೊಳೆದಿರಲಿಲ್ಲ.

ಹೋಗುವಾಗ ಅವನು ಬಿಟ್ಟುಹೋದ ಹಾಳೆ ಚೂರುಗಳನ್ನು ಮಾತ್ರ ಎತ್ತಿಟ್ಟುಕೊಂಡೆ.

ಏಪ್ರಿಲ್ 27 ಮತ್ತು ಮೇ 4: ನಾಲ್ಕನೆಯದು

ಈ ಸಲ ಮೊದಲು ಅಳತೆ. ಫೋನಿನ ಲೆವೆಲ್ ಆ್ಯಪ್ ಇಟ್ಟು ನೋಡಿದರೆ ಬದಿಯ ಇಳಿಜಾರು 44-45 ಡಿಗ್ರಿ. ಎರಡು ಬದಿ ಸೇರುವ ಮೂಲೆಯ ಗೆರೆಯ ಮೇಲೆ ಇಟ್ಟರೆ 35. ಕಾಗದದ ಮೇಲೆ ಲೆಕ್ಕ ಹಾಕಿದರೂ ಅಷ್ಟೇ ಬರುತ್ತದೆ. ಅಂದರೆ ಹೊಂಡದಲ್ಲಿ ಅತಿ ಕಡಿಮೆ ಕಡಿದಾದ ಜಾಗವೂ ಮೂಲೆಯೇ, ಈಜಿ ದಣಿದದ್ದು ನಿಲ್ಲುವ ಜಾಗವೂ ಮೂಲೆಯೇ. ಅಡಿಯಿಂದ ಮೇಲಂಚಿಗೆ ಮೂಲೆಯ ಉದ್ದ 5.2 ಮೀಟರ್. ದಂಡೆಯ ಮೇಲೆ 1 ಮೀಟರ್, ಅಡಿಯಲ್ಲಿ 30 ಸೆಂಟಿಮೀಟರ್ ಸೇರಿಸಿ ಒಂದು ಏಣಿಗೆ 6.5 ಮೀಟರ್. ನೀರು ಎಷ್ಟು ಇಳಿದರೂ ಏಣಿ ನೀರನ್ನು ಮುಟ್ಟಿರಬೇಕು, ಆದ್ದರಿಂದ ತಳದವರೆಗೂ ಬೇಕು.

ಮೊದಲು ಎದುರುಬದುರಾದ ಎರಡು ಮೂಲೆಗೆ ಮಾಡಿದೆ. ಹತ್ತಿದ್ದು ಇಷ್ಟು: ತೆಂಗಿನ ನಾರಿನ ಮ್ಯಾಟ್, 1 ಮೀಟರ್ ಅಗಲದ್ದು 13 ಮೀಟರಿಗೆ 1,240 ರೂಪಾಯಿ. 8 ಮಿಲಿಮೀಟರ್ ನೈಲಾನ್ ಹಗ್ಗ 30 ಮೀಟರಿಗೆ 420. ಎರಡೂವರೆ ಇಂಚಿನ ಪಿವಿಸಿ ತುಂಡು, ಎರಡೂ ತುದಿಗೆ ಕ್ಯಾಪು, ಎಲ್ಲ ಸೇರಿ 360. ಹಳೆಯ 16 ಮಿಲಿಮೀಟರ್ ಡ್ರಿಪ್ ಪೈಪು ಮನೆಯಲ್ಲೇ ಬಿದ್ದಿತ್ತು, ಟೊಮೆಟೊ ಬೆಳೆದ ಯಾರ ಮನೆಯಲ್ಲಿ ಇಲ್ಲ? ಒಟ್ಟು 2,020. ಕೆಟ್ಟ ಮೂರು ಪ್ರಯತ್ನಕ್ಕೆ, ತೇಪೆ ಸೇರಿ, 2,445 ಆಗಿತ್ತು.

ಕ್ರಮ ಹೀಗೆ. ಮೊದಲು ಮೂಲೆಗೆ ಹಾಳೆ ಚೂರುಗಳನ್ನು ಹಾಸಿದೆ, ಮೂಲ ಹಾಳೆಗೆ ಏನೂ ತಗಲದಂತೆ. ಮ್ಯಾಟನ್ನು ಅದರ ಮೇಲೆ, ಮಡಿಕೆ ಸರಿಯಾಗಿ ಮೂಲೆಯ ಗೆರೆಗೆ ಬರುವಂತೆ, ಎರಡೂ ಬದಿಗೆ ಅರ್ಧರ್ಧ ಮೀಟರ್. ಮ್ಯಾಟಿನ ಎರಡೂ ಅಂಚಿಗೆ ಉದ್ದಕ್ಕೆ ನೈಲಾನ್ ಹಗ್ಗ, ತುದಿಗಳನ್ನು ಬೆಂಕಿಗೆ ಹಿಡಿದು ಕರಗಿಸಿ ಗುಂಡಗೆ ಮಾಡಿದ್ದು. ಅಡ್ಡಕ್ಕೆ 90 ಸೆಂಟಿಮೀಟರಿನ ಡ್ರಿಪ್ ಪೈಪಿನ ಮೆಟ್ಟಿಲು, 20 ಸೆಂಟಿಮೀಟರಿಗೊಂದು. ಕೆಳತುದಿಗೆ ಮರಳು ತುಂಬಿದ ಪಿವಿಸಿ, 40 ಸೆಂಟಿಮೀಟರಿನ ಎರಡು ತುಂಡು, ಬದಿಗೊಂದು. ಉದ್ದದ ಒಂದೇ ತುಂಡು ಮೂಲೆಯಲ್ಲಿ ಕೂರುವುದಿಲ್ಲ. ಮೇಲ್ತುದಿ ದಂಡೆಯ ಹೊರಗೆ ನೆಟ್ಟ ಎರಡು ನೀಲಗಿರಿ ಗೂಟಕ್ಕೆ. ಇಡೀ ಏಣಿಯಲ್ಲಿ ಒಂದು ಮೊಳೆ ಇಲ್ಲ, ಒಂದು ತುಂಡು ವೈರ್ ಇಲ್ಲ.

ನೀರಿಗೆ ಬಿಟ್ಟ ತಕ್ಷಣ ಇಡೀ ಏಣಿ ಚಾಪೆಯ ಹಾಗೆ ಮೇಲೆದ್ದು ತೇಲಿತು. ಒಣ ನಾರು ತೇಲುತ್ತದೆ, ಖಾಲಿ ಡ್ರಿಪ್ ಪೈಪೂ ತೇಲುತ್ತದೆ. ಅಪ್ಪ ದಂಡೆಯ ಮೇಲೆ ಕೂತು ಬೀಡಿ ಹಚ್ಚಿ ‘ಇನ್ನೊಂದು ತೆಪ್ಪ ಆಯ್ತು’ ಅಂದರು.

ಎಲ್ಲ ಬಿಚ್ಚಿ, ಪೈಪುಗಳಿಗೆ ಮರಳು ತುಂಬಲು ಕೂತೆವು. ನೀರಿನ ಬಾಟಲಿ ಕತ್ತರಿಸಿದ ಆಲಿಕೆ, ಒಂದು ತುದಿ ಮಡಚಿ ಡ್ರಿಪ್ಪಿನ ಎಂಟರ ಆಕಾರದ ಕ್ಲಿಪ್ಪು. ಸಣ್ಣ ಮರಳು ಹನಿ ಬೀಳುವ ತೂತುಗಳಿಂದ ಸೋರಿತು, ಜರಡಿ ಹಿಡಿದು ದಪ್ಪದ್ದು ಮಾತ್ರ ಹಾಕಬೇಕಾಯಿತು. ಒಂದು ಮೆಟ್ಟಿಲಿಗೆ ಸುಮಾರು 200 ಗ್ರಾಂ. ಅಮ್ಮನೂ ಕೈ ಹಾಕಿದಳು. ಮೇ 4ರ ಸಂಜೆ ಎರಡೂ ಏಣಿ ತಳಕ್ಕೆ ಅಂಟಿಕೊಂಡು ಕೂತವು.

ಮೇ 5ರಿಂದ: ಹೆಜ್ಜೆ ನೋಡುವುದು

ನಾನು ಇರುವುದು ವಾರಕ್ಕೊಂದು ದಿನ. ಏಣಿಯನ್ನು ಯಾರು ಹತ್ತಿದರೆಂದು ತಿಳಿಯಲು ಮೇಲ್ತುದಿಯಲ್ಲಿ ಎರಡಡಿ ಚೌಕಕ್ಕೆ ಜರಡಿ ಹಿಡಿದ ಕೆಮ್ಮಣ್ಣು ಹರಡಿದೆ. ರಂಗೋಲಿ ಪುಡಿಯನ್ನೂ ಹಾಕಿ ನೋಡಿದೆ, ಅದು ಗಾಳಿಗೆ ನಿಲ್ಲಲಿಲ್ಲ. ದಿನಾ ಬೆಳಿಗ್ಗೆ ಅಮ್ಮ ಫೋಟೊ ತೆಗೆದು ಕಳಿಸುವುದು, ಆಮೇಲೆ ಪೊರಕೆಯಿಂದ ಸಮ ಮಾಡುವುದು.

ಮೊದಲ ವಾರ ಬರೀ ಕಪ್ಪೆ. ಎರಡನೇ ವಾರ ಮುಂಗುಸಿ, ಒದ್ದೆ ಹೆಜ್ಜೆ ಮೇಲಕ್ಕೆ ಮಾತ್ರ ಇತ್ತು, ಕೆಳಕ್ಕೆ ಇರಲಿಲ್ಲ. ಅಂದರೆ ಬೇರೆ ಕಡೆ ಬಿದ್ದು ಇಲ್ಲಿ ಹತ್ತಿದ್ದು. ಆ ಫೋಟೊ ಬಂದಾಗ ಅಂಗಡಿಯಲ್ಲಿ ಯಾರದೋ ಐದು ಎಚ್.ಪಿ. ಮೋಟಾರು ಬಿಚ್ಚಿಟ್ಟುಕೊಂಡಿದ್ದೆ. ಗಿರಾಕಿಗೂ ತೋರಿಸಿದೆ. ಅವನಿಗೆ ಮೋಟಾರು ಯಾವಾಗ ಸಿಗುತ್ತದೆ ಎನ್ನುವುದಷ್ಟೇ ಬೇಕಿತ್ತು.

ಗೌಜಲಕ್ಕಿಯ ವಿಷಯದಲ್ಲಿ ನಾನು ಮಾಡಿದ ಒಂದು ತಪ್ಪನ್ನು ಇಲ್ಲಿ ಹೇಳಬೇಕು. ಮೇ ಕೊನೆಯಲ್ಲಿ ಮಣ್ಣಿನ ಮೇಲೆ ಮೂರು ಬೆರಳಿನ ಸಣ್ಣ ಹೆಜ್ಜೆ, ಹತ್ತಾರು, ಎಲ್ಲ ಬೇಲಿಯ ಬುಡದಲ್ಲಿ ಹಿಂದಕ್ಕೂ ಮುಂದಕ್ಕೂ. ಹೊಂಡದ ಸುತ್ತ ಮಕ್ಕಳು ಬೀಳದಂತೆ ಜಾಲರಿ ಹಾಕಿದ್ದೇವೆ, ಅದು ಬೇಕೇ ಬೇಕು. ನನ್ನ ಏಣಿ ಜಾಲರಿಯ ಒಳಗಡೆಗೆ ಬಂದು ನಿಂತಿತ್ತು! ನೀರಿನಿಂದ ಬದುಕಿದ್ದು ಬೇಲಿಯೊಳಗೆ ಬಿಸಿಲಲ್ಲಿ ಸುತ್ತುತ್ತಿತ್ತು. ಏಣಿಯ ನೇರಕ್ಕೆ ಜಾಲರಿಯ ಬುಡದಲ್ಲಿ 12 ಸೆಂಟಿಮೀಟರ್ ಚೌಕದ ಕಿಂಡಿ ಬಿಟ್ಟೆ, ತಂತಿಯ ತುದಿಗಳನ್ನು ಹೊರಕ್ಕೆ ಮಡಚಿ ಮೇಲೆ ಸೀಳಿದ ಡ್ರಿಪ್ ಪೈಪು ತೊಡಿಸಿದೆ. ಮಗು ನುಗ್ಗುವುದಿಲ್ಲ. ಕಪ್ಪೆಗಳು ಒಳಕ್ಕೂ ಬರುತ್ತವೆ, ಬರಲಿ.

ಜೂನ್ 15: ಟಿಟ್ಟಿಭ

ಮೇ 18ರಂದು ದಂಡೆಯ ಹೊರಬದಿಯ ಜಲ್ಲಿಯಲ್ಲಿ ಕೆಂಪು ಟಿಟ್ಟಿಭದ ನಾಲ್ಕು ಮೊಟ್ಟೆ ಕಂಡಿದ್ದೆ. ಗೂಡು ಅಂತೇನಿಲ್ಲ, ನಾಲ್ಕು ಕಲ್ಲಿನ ನಡುವೆ ಕಲ್ಲಿನದೇ ಬಣ್ಣದ ಮೊಟ್ಟೆ. ಅಪ್ಪನಿಗೆ ಅತ್ತ ಕಳೆ ಕೀಳಬೇಡಿ ಅಂತ ಕಡ್ಡಿ ನೆಟ್ಟು ಗುರುತು ಮಾಡಿದ್ದೆ. ಈ ಹಕ್ಕಿಯ ಮರಿ ಮೊಟ್ಟೆಯೊಡೆದ ಸ್ವಲ್ಪ ಹೊತ್ತಿಗೇ ಎದ್ದು ಅಪ್ಪ-ಅಮ್ಮನ ಹಿಂದೆ ಓಡುತ್ತದೆ. ಅಪಾಯವಿರುವುದೂ ಅಲ್ಲಿಯೇ.

ಜೂನ್ 15ರ ಬೆಳಿಗ್ಗೆ ಏಳೂಕಾಲಿಗೆ ಗೇಟು ತೆಗೆದರೆ ಎರಡೂ ದೊಡ್ಡವು ನನ್ನ ತಲೆಯ ಮೇಲೆ ಕೂಗುತ್ತಾ ಎರಗಿದವು. ಮೂರು ಮರಿ ಹೊರಗಿದ್ದವು. ನಾಲ್ಕನೆಯದು ನೀರಲ್ಲಿ, ಹತ್ತಿಯ ಉಂಡೆ ತೇಲಿದ ಹಾಗೆ. ಕ್ರೇಟು ತರಲು ಎರಡು ಹೆಜ್ಜೆ ಹಾಕಿ ನಿಂತೆ. ಅದು ಅಂಚು ಹಿಡಿದು ಹೊರಟಿತ್ತು. ಮೂಲೆಗೆ ನಾಲ್ಕು ಮೀಟರ್. ಮುಟ್ಟಿತು, ನಾರಿಗೆ ಕಾಲಿಟ್ಟಿತು, ಒಂದು ಮೆಟ್ಟಿಲು ಹತ್ತಿತು, ಎರಡನೆಯದಕ್ಕೆ ಮುಂಚೆ ಜಾರಿ ಕೆಳಗೆ. ಮತ್ತೆ ಹತ್ತಿತು, ಮತ್ತೆ ಜಾರಿತು. ನೀರಂಚಿನ ನಾರಿನ ಮೇಲೆ ಆಗಲೇ ಪಾಚಿ ಕಟ್ಟಿತ್ತು, ಮೆಟ್ಟಿಲಿನ ನಡುವಿನ 20 ಸೆಂಟಿಮೀಟರ್ ಅಂಗೈಯಲ್ಲಿ ಹಿಡಿಯುವ ಮರಿಗೆ ಬಂಡೆ ಹತ್ತಿದ ಹಾಗೆ. ನಾಲ್ಕನೇ ಸಲ ಮೇಲಿನ ಒಣ ನಾರು ಸಿಕ್ಕಿತು. ಅಲ್ಲಿಂದ ಸರಸರ ಹೋಯಿತು. ಒಟ್ಟು ಏಳು ನಿಮಿಷ. ಕಿಂಡಿ ದಾಟಿ ಹೊರಗೆ ಬಂದಾಗ ಅದರ ತಾಯಿಯೋ ತಂದೆಯೋ ನನ್ನ ಟೋಪಿಯ ಮೇಲೆ ಹಿಕ್ಕೆ ಹಾಕಿತು.

ಅದೇ ದಿನ ಕೂತು ಮೆಟ್ಟಿಲುಗಳ ನಡುವೆ ಇನ್ನಷ್ಟು ಸೇರಿಸಿ 7 ಸೆಂಟಿಮೀಟರಿಗೊಂದು ಮಾಡಲು ಶುರು ಮಾಡಿದೆ. ಒಂದು ಏಣಿಗೆ 25 ಇದ್ದದ್ದು 70ರ ಹತ್ತಿರ ಆಯಿತು. ಮೂರು ಭಾನುವಾರ ಬರೀ ಮರಳು ತುಂಬಿದ್ದೇ. ಜುಲೈನಲ್ಲಿ ಉಳಿದೆರಡು ಮೂಲೆಗೂ ಹಾಕಿದೆ, ಇನ್ನು 1,900 ರೂಪಾಯಿ. ಮೆಟ್ಟಿಲಿನ ತುದಿಗಳನ್ನು ಮ್ಯಾಟಿಗಿಂತ ಐದು ಸೆಂಟಿಮೀಟರ್ ಹೊರಗೆ ಬಿಟ್ಟೆ. ಮೊದಲಿನ ಎರಡರಲ್ಲಿ ಮ್ಯಾಟಿನ ಅಂಚು ಎದ್ದು ಕಪ್ಪೆಯೊಂದು ಅಡಿಗೆ ನುಗ್ಗಿ ಸಿಕ್ಕಿಕೊಂಡಿತ್ತು.

ಆಗಸ್ಟ್ 10: ಮೂಲೆ ಬಿಟ್ಟು ಒಂದು ಮಾತು

ಏಣಿಗಿಂತ ಸುಲಭದ ಕೆಲಸವನ್ನು ನಾನು ಕೊನೆಗೆ ಮಾಡಿದೆ. 45 ಸೆಂಟಿಮೀಟರ್ ಅಗಲ, ಮಧ್ಯದಲ್ಲೂ 4 ಸೆಂಟಿಮೀಟರಿಗಿಂತ ಆಳವಿಲ್ಲದ ಎರಡು ಮಣ್ಣಿನ ತಟ್ಟೆಯನ್ನು ಹೊಂಗೆ ಮರದ ಕೆಳಗೆ ಇಟ್ಟು, ಡ್ರಿಪ್ ಲೈನಿನಿಂದ ಒಂದು ಹನಿ ಬಿಟ್ಟೆ. ಜೋಡಿಗೆ 160 ರೂಪಾಯಿ. ಗೊರವಂಕ, ಪಿಕಳಾರ, ರಾಟವಾಳ ಎಲ್ಲ ಅಲ್ಲೇ ಬಂದವು. ಇಳಿದೇ ಕುಡಿಯಬೇಕೆಂಬ ಅಗತ್ಯವೇ ಇಲ್ಲದಿದ್ದರೆ ಜಾರುವುದು ಎಲ್ಲಿ ಬಂತು? ಇದನ್ನು ಫೆಬ್ರವರಿಯಲ್ಲೇ ಮಾಡಬಹುದಿತ್ತು. ತಟ್ಟೆಯನ್ನು ಎರಡು ದಿನಕ್ಕೊಮ್ಮೆ ಉಜ್ಜಿ ತೊಳೆಯಬೇಕು, ಇಲ್ಲದಿದ್ದರೆ ಹಿಕ್ಕೆ ಮತ್ತು ಸೊಳ್ಳೆ.

ಆಗಸ್ಟಿನಲ್ಲೇ ಇನ್ನೊಂದು ನಡೆಯಿತು. ಮಳೆ ನಿಂತ ಸಂಜೆ ಅಪ್ಪ ಮನೆಗೆ ಬಂದಾಗ ಸೊಂಟದವರೆಗೆ ಒದ್ದೆ. ಕೇಳಿದರೆ ‘ಮಳೆ’ ಅಂದರು. ಮಳೆ ಸೊಂಟದಿಂದ ಕೆಳಗೆ ಮಾತ್ರ ಬರುತ್ತದೆಯೇ? ಮಾರನೇ ದಿನ ನೋಡಿದರೆ ಆಗ್ನೇಯ ಮೂಲೆಯ ಏಣಿಯ ಕೆಮ್ಮಣ್ಣಿನ ಮೇಲೆ ಎರಡು ಅಂಗೈ, ಒಂದು ಮೊಣಕಾಲು. ನಾನು ಏನೂ ಕೇಳಲಿಲ್ಲ. ಮುಂದಿನ ವಾರ ನಾಲ್ಕೂ ಏಣಿಯ ಪಕ್ಕ ಅರ್ಧ ಅಡಿಗೊಂದು ಗಂಟು ಹಾಕಿದ ದಪ್ಪ ಹಗ್ಗ ಕಟ್ಟಿಟ್ಟಿದ್ದರು, ತಾವೇ ದುಡ್ಡು ಕೊಟ್ಟು ತಂದು.

ನವೆಂಬರ್ 2: ಲೆಕ್ಕ

ಫೆಬ್ರವರಿ 23ರಿಂದ ಮೇ 4ರವರೆಗೆ, ಹತ್ತು ವಾರದಲ್ಲಿ, ನೋಟ್‌ಬುಕ್ಕಿನಲ್ಲಿ ಸತ್ತವು 9: ಹಾಲಕ್ಕಿ 1, ಗೊರವಂಕ 3, ಅಳಿಲು 2, ಓತಿಕ್ಯಾತ 2, ಬಲೆಯಲ್ಲಿ ಹೋದ ಸಿಪಿಲೆ 1. ಮೇ 5ರಿಂದ ಇವತ್ತಿನವರೆಗೆ 26 ವಾರದಲ್ಲಿ 3. ಪೂರ್ತಿ ಏಣಿಯದೇ ಪುಣ್ಯ ಅನ್ನಲಾರೆ. ಜೂನ್ ನಂತರ ಮಳೆ ಬಂದು ಗುಂಡಿಗಳಲ್ಲೆಲ್ಲ ನೀರಿತ್ತು, ಹೊಂಡಕ್ಕೆ ಬರುವವೇ ಕಡಿಮೆ. ಮುಂದಿನ ಫೆಬ್ರವರಿಯಿಂದ ಏಪ್ರಿಲ್ ನೋಡಿದರೆ ಸರಿಯಾದ ಹೋಲಿಕೆ ಸಿಗುತ್ತದೆ. ಸತ್ತ ಮೂರರಲ್ಲಿ ಒಂದು ಕಣಜ ಗೂಬೆಯ ಮರಿ, ಸಿಕ್ಕಿದ್ದು ಏಣಿಯಿಂದ ಒಂದು ಮಾರಿನಲ್ಲಿ. ಅದಕ್ಕೆ ಏನು ಅಡ್ಡವಾಯಿತೋ ತಿಳಿಯಲಿಲ್ಲ.

ನಿಗಾ ಇಡಬೇಕಾದ್ದು: ನೀರಂಚಿನ ಪಾಚಿಯನ್ನು ತಿಂಗಳಿಗೊಮ್ಮೆ ಗಟ್ಟಿ ಪೊರಕೆಯಿಂದ ಉಜ್ಜುವುದು. ನೀರಿನ ಮೇಲೆ ಬಿಸಿಲು ತಿನ್ನುವ ಭಾಗದಲ್ಲಿ ನೈಲಾನ್ ಹಗ್ಗ ಆಗಲೇ ನೂಲು ಬಿಡುತ್ತಿದೆ, ಬೇಸಿಗೆಗೆ ಮುಂಚೆ ಬದಲಿಸಬೇಕು. ನೀರಲ್ಲೇ ಇರುವ ನಾರು ಅಡಿಯಲ್ಲಿ ಮೆತ್ತಗಾಗಿದೆ.

ನವೆಂಬರ್ 9: ಪಕ್ಕದವರ ಹೊಂಡ

ದ್ರಾಕ್ಷಿ ತೋಟದವರು ನಮಗೂ ಹಾಕಿಕೊಡು ಅಂದರು. ಅವರ ಮನೆಯ ಹುಡುಗಿ ಏಳನೇ ಕ್ಲಾಸು, ನಮ್ಮ ಟಿಟ್ಟಿಭದ ಕಥೆ ಕೇಳಿ ಅಪ್ಪನ ಬೆನ್ನು ಬಿದ್ದಿದ್ದಳಂತೆ. ಅಳತೆಗೆ ಹೋದೆ. ಅವರದ್ದು ಜಾಗ ಉಳಿಸಲು ಕಡಿದಾಗಿ ತೋಡಿದ ಹೊಂಡ, ಬದಿ 60 ಡಿಗ್ರಿ, ಮೂಲೆಯಲ್ಲೂ 50. ನನ್ನ ಮ್ಯಾಟ್ ಇಟ್ಟು ನೋಡಿದೆ, ಜೋಳಿಗೆಯ ಹಾಗೆ ಕುಸಿದು ಕೆಳಗೆ ಗುಪ್ಪೆಯಾಯಿತು. ಮೇಲ್ತುದಿ ದಂಡೆಗೆ ಕಟ್ಟಿ, ಕೆಳತುದಿಯನ್ನು ಕ್ಯಾನಿನ ಮೇಲೆ ತೇಲಿಸಿ, ನೀರು ಇಳಿದಂತೆ ತಾನೂ ಇಳಿಯುವ ಹಲಗೆ ಮಾಡೋಣವೆಂದರೆ, ನೀರು ಎರಡು ಮೀಟರ್ ಇಳಿದಾಗ ಅದೂ ಕಡಿದಾಗುತ್ತದೆ. ಉದ್ದ ಹೆಚ್ಚಿಸಿ ಬದಿಯ ಗುಂಟ ಓರೆಯಾಗಿ ಬಿಟ್ಟರೆ ಆಗಬಹುದು. ಮೂಲೆಯಿಂದ ಹಿಡಿದರೆ ಏಳು ಮೀಟರಿನ ಹಲಗೆ ಬೇಕು, ಮರದ್ದು ಎತ್ತಲಾಗುವುದಿಲ್ಲ, ಬಿದಿರು ಮತ್ತೆ ಬೇಡ.

ಸದ್ಯಕ್ಕೆ ಎರಡು ಮಣ್ಣಿನ ತಟ್ಟೆ ಇಟ್ಟು ಬಂದಿದ್ದೇನೆ. ಹುಡುಗಿಗೆ ಒಂದು ನೋಟ್‌ಬುಕ್ ಕೊಟ್ಟು ಅಂಕಣ ಹಾಕಿಕೊಟ್ಟೆ: ತಾರೀಕು, ಏನು, ಯಾವ ಬದಿ. ನನ್ನ ಹಳೆಯ ತೆಪ್ಪದ ನಾಲ್ಕು ಕ್ಯಾನು ಅಟ್ಟದ ಮೇಲಿವೆ, ಭಾನುವಾರ ಇಳಿಸಬೇಕು.